ಗದ್ದಲ ಮಾಡದವರ ಲೆಕ್ಕ

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹೈನ್ರಿಖ್ ಹಾಫ್‌ಮನ್ ಅಂತ ಒಬ್ಬ ಡಾಕ್ಟರ್ ಇದ್ದ. ಮಗನಿಗೆ ಕ್ರಿಸ್‌ಮಸ್ಸಿಗೆ ಕೊಡೋಕೆ ಒಂದು ಒಳ್ಳೇ ಚಿತ್ರದ ಪುಸ್ತಕ ಸಿಗಲಿಲ್ಲವೆಂದು ತಾನೇ ಕಥೆ ಕಟ್ಟಿ ಚಿತ್ರ ಬರೆದ. 1845ರಲ್ಲಿ ಅದು ಅಚ್ಚಾಯಿತು. ಮುಂದಿನ ಆವೃತ್ತಿಗಳಲ್ಲಿ ಕಥೆಗಳು ಸೇರುತ್ತಾ ಹೋದವು. ‘ಸ್ಟ್ರೂವೆಲ್‌ಪೇಟರ್’ ಎಂಬ ಆ ಪುಸ್ತಕದಲ್ಲಿ ಫಿಲಿಪ್ ಎಂಬ ಹುಡುಗ ಇದ್ದಾನೆ. ಊಟದ ಮೇಜಿನ ಮುಂದೆ ಸುಮ್ಮನೆ ಕೂರಲಾರದೆ ಕುರ್ಚಿ ಅಲ್ಲಾಡಿಸಿ ಅಲ್ಲಾಡಿಸಿ, ಕೊನೆಗೆ ಮೇಜಿನ ಬಟ್ಟೆ, ತಟ್ಟೆ, ಬ್ರೆಡ್ಡು ಸಮೇತ ನೆಲಕ್ಕೆ ಬೀಳುತ್ತಾನೆ. ಆಕಾಶ ನೋಡುತ್ತಾ ನಡೆದು ನೀರಿಗೆ ಬೀಳುವ ಹಾನ್ಸ್ ಎಂಬ ಇನ್ನೊಬ್ಬನಿದ್ದಾನೆ. ಇವತ್ತು ಎ.ಡಿ.ಎಚ್.ಡಿ. ಅಂತ ಕರೆಯುವ ತೊಂದರೆಯ ಚರಿತ್ರೆ ಬರೆಯೋ ವೈದ್ಯರು ಈ ಇಬ್ಬರನ್ನೂ ಮೊದಲ ಪುಟದಲ್ಲೇ ಕರೆದು ಕೂರಿಸುತ್ತಾರೆ.

ಅದೇ ಪುಸ್ತಕದಲ್ಲಿ ಒಬ್ಬಳು ಹುಡುಗಿಯೂ ಇದ್ದಾಳೆ. ಪೌಲಿನೆ. ಅಪ್ಪ ಅಮ್ಮ ಮನೆಯಲ್ಲಿಲ್ಲದಾಗ ಬೆಂಕಿಪೊಟ್ಟಣ ಕಣ್ಣಿಗೆ ಬೀಳುತ್ತೆ. ಎರಡು ಬೆಕ್ಕುಗಳು ಬೇಡ ಬೇಡ ಅಂತ ಬಡಕೊಂಡರೂ ಕಡ್ಡಿ ಗೀರುತ್ತಾಳೆ. ಉಟ್ಟ ಬಟ್ಟೆಗೆ ಕಿಡಿ ತಾಗಿ ಸುಟ್ಟು ಬೂದಿಯಾಗುತ್ತಾಳೆ. ಉಳಿಯೋದು ಒಂದು ಜೊತೆ ಪಾದರಕ್ಷೆ. ಕಥೆಯ ಗೊಂಬೆಗಳಿಗೆ ರೋಗದ ಹೆಸರು ಅಂಟಿಸೋದು ತಮಾಷೆಯ ಕಸುಬು, ಅದನ್ನು ನಾನು ಮಾಡಲಾರೆ. ಆದರೆ ಅಂಟಿಸಿದವರು ಫಿಲಿಪನಿಗೆ ಅಂಟಿಸಿದರು, ಹಾನ್ಸನಿಗೆ ಅಂಟಿಸಿದರು. ಪೌಲಿನೆ ಮಾತ್ರ ಹಿರಿಯರ ಮಾತು ಕೇಳದ ಹುಡುಗಿಗೆ ಆಗುವ ಶಾಸ್ತಿಯ ಉದಾಹರಣೆಯಾಗಿ ಉಳಿದಳು. ಈ ಇಡೀ ಚರಿತ್ರೆ ಹೀಗೇ ನಡೆದು ಬಂದಿದೆ. ಹುಡುಗನದು ರೋಗವಾಯಿತು, ಹುಡುಗಿಯದು ಗುಣವಾಯಿತು.

ಮೊದಲು ಈ ತೊಂದರೆ ಏನು ಅನ್ನೋದನ್ನ ಸರಳವಾಗಿ ಹೇಳಿಬಿಡುತ್ತೇನೆ. ಈ ಮಗುವಿಗೆ ಬುದ್ಧಿ ಕಮ್ಮಿ ಇರಬೇಕೆಂದಿಲ್ಲ. ಬುದ್ಧಿಯನ್ನ ಬೇಕಾದ ಕಡೆ, ಬೇಕಾದಷ್ಟು ಹೊತ್ತು ನಿಲ್ಲಿಸೋ ಲಗಾಮು ಸಡಿಲ ಇರುತ್ತೆ. ಹೊತ್ತಿನ ಅಂದಾಜು ತಪ್ಪುತ್ತೆ. ಕೈಯಲ್ಲಿದ್ದ ಪೆನ್ನು ಎಲ್ಲಿಟ್ಟೆ ಅನ್ನೋದು ಮರೆತುಹೋಗುತ್ತೆ. ಬಾಯಿಗೆ ಬಂದ ಮಾತು ತಡೆಯೋಕಾಗಲ್ಲ. ಅಳುವೋ ಸಿಟ್ಟೋ ಏರಿದರೆ ಬೇಗ ಇಳಿಯೋದಿಲ್ಲ. ಮನಸ್ಸಿಗೆ ಹಿಡಿಸಿದ್ದು ಸಿಕ್ಕರೆ ಅದೇ ಮಗು ಮೂರು ಗಂಟೆ ತಲೆ ಎತ್ತೋದಿಲ್ಲ. ಅದಕ್ಕೇ ಅದರ ಮೇಲೆ ‘ಮನಸ್ಸು ಮಾಡಿದ್ರೆ ಆಗುತ್ತೆ, ಬೇಕೂಂತ ಮಾಡಲ್ಲ’ ಅನ್ನೋ ಆರೋಪ. ಇದು ಬಹುಪಾಲು ವಂಶದಿಂದ ಬರೋದು ಅಂತ ಅವಳಿ ಮಕ್ಕಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ತಾಯಿ ಮುದ್ದು ಮಾಡಿ ಕೆಡಿಸಿದ್ದಕ್ಕೂ, ಮೇಷ್ಟ್ರು ಬೆತ್ತ ಬಿಟ್ಟದ್ದಕ್ಕೂ ಇದು ಬರುವುದಿಲ್ಲ.

ಇಂಗ್ಲೆಂಡಿನಲ್ಲಿ 1880ರಲ್ಲಿ ಮಕ್ಕಳೆಲ್ಲ ಶಾಲೆಗೆ ಹೋಗಲೇಬೇಕು ಅನ್ನೋ ಕಾನೂನು ಬಂತು. ಹೊಲದಲ್ಲಿ, ಬೀದಿಯಲ್ಲಿ, ಕಾರ್ಖಾನೆಯಲ್ಲಿ ಇದ್ದ ಮಕ್ಕಳನ್ನು ತಂದು ಸಾಲಾಗಿ ಬೆಂಚಿನ ಮೇಲೆ ಕೂರಿಸಿದರು. ಕೂರಲಾಗದ ಮಗು ಆಗ ಎದ್ದು ಕಾಣಿಸಿತು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನಲ್ಲಿ ಮೂರು ಉಪನ್ಯಾಸ ಕೊಟ್ಟ. ಬುದ್ಧಿ ನೆಟ್ಟಗಿದ್ದೂ ನಡತೆ ಹತೋಟಿಗೆ ಬಾರದ 20 ಮಕ್ಕಳ ಬಗ್ಗೆ ಹೇಳಿದ. 15 ಗಂಡು, 5 ಹೆಣ್ಣು. ಆತ ಇದಕ್ಕೆ ಕೊಟ್ಟ ಹೆಸರು ನೈತಿಕ ಹತೋಟಿಯ ದೋಷ. ಆ ಹೆಸರಲ್ಲೇ ತೀರ್ಪಿದೆ ನೋಡಿ. ವೈದ್ಯಶಾಸ್ತ್ರ ಪಾದ್ರಿಯ ನಿಲುವಂಗಿ ಬಿಚ್ಚಿರಲಿಲ್ಲ. ಯಾರ ಮಗು ಹೊಡೆಯುತ್ತೋ, ಕದಿಯುತ್ತೋ, ಕೂಗಾಡುತ್ತೋ ಅದನ್ನ ಎಳೆದು ತಂದು ವೈದ್ಯರಿಗೆ ತೋರಿಸುತ್ತಿದ್ದರು. ಸುಮ್ಮನೆ ಕೂತು ಕಳೆದುಹೋಗೋ ಹುಡುಗಿಯನ್ನ ಯಾರು ಕರಕೊಂಡು ಬರುತ್ತಾರೆ?

ಇನ್ನೊಂದು ವಿಚಿತ್ರ. ಈ ತೊಂದರೆಗೆ ಮೊದಲ ಔಷಧಿ ಕೈಗೆ ಸಿಕ್ಕಿದ್ದು ಒಬ್ಬ ಹುಡುಗಿಯ ಹೆಸರಿನ ಮನೆಯಲ್ಲಿ. ಅಮೆರಿಕದ ರೋಡ್ ಐಲೆಂಡಿನ ಶ್ರೀಮಂತ ಜಾರ್ಜ್ ಬ್ರಾಡ್ಲಿಯ ಒಬ್ಬಳೇ ಮಗಳು ಎಮ್ಮಾ ಏಳನೇ ವಯಸ್ಸಿಗೆ ಮೆದುಳು ಜ್ವರಕ್ಕೆ ಸಿಕ್ಕಿ ಜೀವಮಾನವಿಡೀ ನರಳಿದಳು. ಅಪ್ಪ ಅಮ್ಮ ಆಸ್ತಿಯನ್ನ ಇಂಥ ಮಕ್ಕಳ ಆಸ್ಪತ್ರೆಗೆ ಬರೆದಿಟ್ಟರು. 1931ರಲ್ಲಿ ಅದು ತೆರೆಯಿತು. ಅಲ್ಲಿ ವೈದ್ಯನಾಗಿದ್ದ ಚಾರ್ಲ್ಸ್ ಬ್ರಾಡ್ಲಿ, ಮಕ್ಕಳ ಬೆನ್ನುಹುರಿಯ ದ್ರವ ತೆಗೆದು ಗಾಳಿ ತುಂಬಿ ತಲೆಯ ಎಕ್ಸ್-ರೇ ತೆಗೆಸುತ್ತಿದ್ದ. ಮಕ್ಕಳಿಗೆ ಸಿಡಿಯುವಂಥ ತಲೆನೋವು ಬರುತ್ತಿತ್ತು. ಅದಕ್ಕೆಂದು ಬೆಂಜೆಡ್ರಿನ್ ಎಂಬ ಮಾತ್ರೆ ಕೊಟ್ಟು ನೋಡಿದ. ತಲೆನೋವಿಗೆ ಅಂಥಾ ಉಪಯೋಗವಾಗಲಿಲ್ಲ. ಆದರೆ ಕೆಲವು ಮಕ್ಕಳು ಅಭ್ಯಾಸಕ್ಕೆ ಕೂತುಬಿಟ್ಟರು. 1937ರಲ್ಲಿ ಆತ ಪ್ರಕಟಿಸಿದ ಲೆಕ್ಕದಲ್ಲಿ 30 ಮಕ್ಕಳಿದ್ದರು, 21 ಗಂಡು, 9 ಹೆಣ್ಣು. 14 ಮಕ್ಕಳ ಓದಿನಲ್ಲಿ ಎದ್ದು ಕಾಣೋ ಬದಲಾವಣೆ. ಮಕ್ಕಳು ಅದನ್ನ ಲೆಕ್ಕದ ಮಾತ್ರೆ ಅಂತ ಕರೆದರಂತೆ.

ಆಮೇಲೆ ಬಂದ ಪ್ರಸಿದ್ಧ ಮಾತ್ರೆಗೂ ಹೆಣ್ಣಿನ ಹೆಸರೇ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪಾನಿಜ್ಜೋನ್ ಮಿಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ಮಾರ್ಗರೀಟಳಿಗೆ ರಕ್ತದೊತ್ತಡ ಕಮ್ಮಿ, ಟೆನಿಸ್ ಆಡೋ ಮುಂಚೆ ಅದನ್ನ ತಗೊಳ್ಳುತ್ತಿದ್ದಳಂತೆ. ಅವಳ ಮುದ್ದಿನ ಹೆಸರು ರೀಟಾ, ಮಾತ್ರೆಯ ಹೆಸರು ರಿಟಾಲಿನ್. ಆಸ್ಪತ್ರೆಗೆ ಎಮ್ಮಾ, ಮಾತ್ರೆಗೆ ರೀಟಾ. ರೋಗಿಯ ಫೈಲಿನಲ್ಲಿ ಮಾತ್ರ ಗಂಡುಮಕ್ಕಳು.

ಅಮೆರಿಕದ ಮನೋವೈದ್ಯರ ಸಂಘ ಒಂದು ಕೈಪಿಡಿ ಇಟ್ಟುಕೊಂಡಿದೆ. ಯಾವುದು ಕಾಯಿಲೆ, ಯಾವುದಲ್ಲ ಅಂತ ಪ್ರಪಂಚದ ಹಲವು ಕಡೆ ಅದನ್ನ ನೋಡಿ ಹೇಳುತ್ತಾರೆ. 1968ರ ಕೈಪಿಡಿ ಈ ತೊಂದರೆಗೆ ಇಟ್ಟ ಹೆಸರು ಅತಿಚಲನೆಯದು. ಮಗು ಓಡಬೇಕು, ಹಾರಬೇಕು, ಆಗಲೇ ಕಾಯಿಲೆ. ಮಾಂಟ್ರಿಯಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ವರ್ಜೀನಿಯಾ ಡಗ್ಲಸ್ ಎಂಬ ಮನೋವಿಜ್ಞಾನಿ 1972ರಲ್ಲಿ ಇದನ್ನು ತಿರುಗಿಸಿ ಹಾಕಿದರು. ಓಡಾಟ ಮೇಲಿನ ಪದರ, ಒಳಗಿನ ತೊಂದರೆ ಗಮನ ನಿಲ್ಲದಿರೋದು ಮತ್ತು ತಡೆದುಕೊಳ್ಳಲಾಗದಿರೋದು ಅಂತ ವಾದಿಸಿದರು. 1980ರ ಕೈಪಿಡಿಯಲ್ಲಿ ಹೆಸರೇ ಬದಲಾಯಿತು: ಗಮನದ ಕೊರತೆ. ಓಡಾಟ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕಿಟಕಿ ಕಡೆ ನೋಡುತ್ತಾ ಕೂತ ಹುಡುಗಿಗೆ ಮೊದಲ ಸಲ ಕಾಗದದ ಮೇಲೆ ಒಂದು ಜಾಗ ಸಿಕ್ಕಿತು. 1985ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಬೆರಿ ಮತ್ತು ಶೇವಿಟ್ಜ್ ದಂಪತಿ ಬರೆದ ಲೇಖನದ ತಲೆಬರಹವೇ ಈ ಹುಡುಗಿಯರು ಬಾಯಿಲ್ಲದ ಅಲ್ಪಸಂಖ್ಯಾತರೇ ಅಂತ ಕೇಳಿತು. ಪ್ರಶ್ನೆ ಕೇಳಿದ್ದಾಯಿತು, ಕೆಲಸ ನಡೆಯಲಿಲ್ಲ. ಹೆಣ್ಣುಮಕ್ಕಳಲ್ಲಿ ಇದು ಹೇಗಿರುತ್ತೆ ಅನ್ನೋದನ್ನ ಮಾತಾಡೋಕೆ ಅಮೆರಿಕದ ಸರ್ಕಾರಿ ಮನೋಆರೋಗ್ಯ ಸಂಸ್ಥೆ ಸಭೆ ಕರೆದದ್ದು 1994ರಲ್ಲಿ. ಅದೇ ವರ್ಷ ಬಂದ ಹೊಸ ಕೈಪಿಡಿಯ ಲಕ್ಷಣಗಳ ಪಟ್ಟಿಯನ್ನ ಪರೀಕ್ಷಿಸಿ ನೋಡಿದ್ದು ಬಹುಪಾಲು ಹುಡುಗರ ಮೇಲೆ. ಅದರ ಮೇಲೆ ಇನ್ನೊಂದು ಷರತ್ತು: ಏಳು ವರ್ಷದೊಳಗೇ ತೊಂದರೆ ಕಾಣಿಸಿರಬೇಕು.

ಏಳು ವರ್ಷದೊಳಗೆ ಯಾರಿಗೆ ಕಾಣಿಸಿರಬೇಕು? ಅಮ್ಮನಿಗಾ, ಟೀಚರಿಗಾ? ತೊಂದರೆ ಮಗುವಿಗೆ ಆಗುತ್ತಿದ್ದರೂ ಬೇರೆಯವರಿಗೆ ಆಗದಿದ್ದರೆ ಅದು ತೊಂದರೆಯಾಗಿ ದಾಖಲಾಗೋದಿಲ್ಲ. ಆಸ್ಪತ್ರೆಗಳ ಲೆಕ್ಕದಲ್ಲಿ ಗಂಡುಮಕ್ಕಳ ಪಾಲು ಊರಲ್ಲಿ ಮನೆಮನೆ ಎಣಿಸಿದ ಲೆಕ್ಕಕ್ಕಿಂತ ಯಾವಾಗಲೂ ಹೆಚ್ಚು. ದೊಡ್ಡವರಾದ ಮೇಲೆ ಎಣಿಸಿದರೆ ಗಂಡು ಹೆಣ್ಣಿನ ಅಂತರ ಇನ್ನೂ ಕಿರಿದಾಗುತ್ತೆ. ಹಾಗಿದ್ದರೆ ಆ ಹೆಂಗಸರೆಲ್ಲ ಬಾಲ್ಯದಲ್ಲಿ ಎಲ್ಲಿದ್ದರು? ಅವರೂ ಕ್ಲಾಸಿನಲ್ಲೇ ಇದ್ದರು.

ಕ್ಲಾಸಿನಲ್ಲಿದ್ದು ಏನು ಮಾಡುತ್ತಿದ್ದರು ಅನ್ನೋದೇ ಈ ಚರಿತ್ರೆಯ ಮುಖ್ಯ ಅಧ್ಯಾಯ. ಹುಡುಗಿಗೆ ತನ್ನ ತಲೆ ಬೇರೆ ಥರ ನಡೀತಿದೆ ಅಂತ ಗೊತ್ತಿರೋದಿಲ್ಲ. ಎಲ್ಲರಿಗೂ ಇಷ್ಟೇ ಕಷ್ಟವಾಗುತ್ತೆ, ಅವರು ಮಾಡ್ತಾರೆ, ನಾನು ಮಾಡ್ತಿಲ್ಲ ಅಂದುಕೊಳ್ಳುತ್ತಾಳೆ. ಪಕ್ಕದವಳು ಅರ್ಧ ಗಂಟೆಯಲ್ಲಿ ಮುಗಿಸಿದ್ದನ್ನ ಇವಳು ರಾತ್ರಿ ಹನ್ನೊಂದರವರೆಗೆ ಬರೆಯುತ್ತಾಳೆ, ಬೆಳಿಗ್ಗೆ ಪುಸ್ತಕವನ್ನೇ ಮನೆಯಲ್ಲಿ ಬಿಟ್ಟು ಬರುತ್ತಾಳೆ. ಟೀಚರ್ ಕೇಳಿದರೆ ಬರೆದಿದೀನಿ ಮಿಸ್ ಅನ್ನೋ ಮಾತು ಸುಳ್ಳಿನ ಥರ ಕೇಳಿಸುತ್ತೆ. ಹತ್ತು ಸಲ ಹೀಗಾದ ಮೇಲೆ ಅವಳಿಗೇ ಅದು ಸುಳ್ಳಿನ ಥರ ಕೇಳಿಸತೊಡಗುತ್ತೆ. ಗಂಡುಹುಡುಗ ಇಂಥಾ ಹೊತ್ತಲ್ಲಿ ಪುಸ್ತಕ ಎಸೆದು ಹೊರಗೆ ಓಡಿಯಾನು. ಹುಡುಗಿಗೆ ಓಡೋ ದಾರಿ ಮುಚ್ಚಿರುತ್ತೆ. ಅವಳು ಒಳಗೆ ಓಡುತ್ತಾಳೆ. ಉಗುರು ಕಚ್ಚುತ್ತಾಳೆ, ಕೂದಲು ತಿರುಚುತ್ತಾಳೆ, ಎಲ್ಲರಿಗೂ ಹೂಂ ಅನ್ನುತ್ತಾಳೆ, ನಗುತ್ತಾಳೆ. ತಪ್ಪಾಗಬಾರದು ಅಂತ ಮೂರು ಸಲ ಎಣಿಸುತ್ತಾಳೆ. ಜಾಣೆ ಹುಡುಗಿಯಾದರೆ ಈ ಹೆಣಗಾಟದಲ್ಲೇ ಪಾಸೂ ಆಗುತ್ತಾಳೆ. ಆಗಂತೂ ಯಾರಿಗೂ ಅನುಮಾನವೇ ಬರೋದಿಲ್ಲ.

ಗೆಳೆತನದಲ್ಲಿ ಪೆಟ್ಟು ಇನ್ನೂ ಜೋರು. ಹುಡುಗರು ಒಂದು ಚೆಂಡಿದ್ದರೆ ಜೊತೆಯಾಗುತ್ತಾರೆ. ಹುಡುಗಿಯರ ಜೊತೆ ಬಹುಪಾಲು ಮಾತಿನಲ್ಲಿ ಕಟ್ಟಿದ್ದು: ಯಾರು ಏನಂದರು, ಯಾರಿಗೆ ಹೇಳಬಾರದು, ಯಾರ ಮುಖ ಯಾಕೆ ಸಪ್ಪಗಿದೆ. ಮಾತಿನ ನಡುವೆ ಬಾಯಿ ಹಾಕುವವಳು, ಗುಟ್ಟು ಮರೆತು ಆಡಿಬಿಡುವವಳು, ಗೆಳತಿ ಅಳುತ್ತಾ ಹೇಳೋ ಕಥೆಯ ಮಧ್ಯೆ ಎಲ್ಲೋ ಹೋಗಿಬಿಡುವವಳು ಆ ಗುಂಪಿನಿಂದ ಬೇಗ ಹೊರಬೀಳುತ್ತಾಳೆ. ಯಾಕೆ ಅಂತ ಯಾರೂ ಹೇಳೋದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದ ಜಾಗ ಖಾಲಿಯಾಗಿರುತ್ತೆ, ಅಷ್ಟೇ.

ಕನ್ನಡದಲ್ಲಿ ಇವಳಿಗೆ ಎಷ್ಟು ಹೆಸರು! ದಡ್ಡಿ, ಪೆದ್ದಿ, ಮರಗುಳಿ, ಸೋಮಾರಿ, ಬಾಯಿಬಡುಕಿ, ಗಂಡುಬೀರಿ, ಬಜಾರಿ, ಚೆಲ್ಲುಚೆಲ್ಲು. ಹಾಲು ಉಕ್ಕಿಸಿದವಳು, ಅನ್ನ ಸೀಯಿಸಿದವಳು, ಕೊಡ ಒಡೆದವಳು. ‘ಧ್ಯಾನ ಎಲ್ಲಿದೆ ನಿಂಗೆ? ಹೋದ ಮನೇಲಿ ಹೆಂಗೆ ಬಾಳ್ವೆ ಮಾಡ್ತೀಯ?’ ಹಾಲು ಉಕ್ಕಿಸಿದ ಅಣ್ಣನಿಗೆ ಈ ಪ್ರಶ್ನೆ ಯಾರೂ ಕೇಳಿದ್ದು ನಾನು ಕಾಣೆ. ಹಾಲಿನ ಹತ್ತಿರ ಅವನನ್ನ ನಿಲ್ಲಿಸೋದೇ ಇಲ್ಲವಲ್ಲ. ಒಂದೇ ತೊಂದರೆ ಇರೋ ಅಣ್ಣ ತಂಗಿಯರಲ್ಲಿ ತಂಗಿಗೆ ಬೈಗುಳ ದುಪ್ಪಟ್ಟು ಯಾಕೆಂದರೆ ಮರೆಯಬಾರದ ಕೆಲಸಗಳೆಲ್ಲ ಅವಳ ತಲೆಗೇ ಕಟ್ಟಿವೆ.

ಇದು ಬರೀ ಸಂಕಟದ ಮಾತಲ್ಲ, ಅಳೆದು ನೋಡಿದ್ದಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ಟೀಫನ್ ಹಿನ್ಷಾ ಮತ್ತು ಸಂಗಡಿಗರು 1997, 1998, 1999ರ ಬೇಸಿಗೆಗಳಲ್ಲಿ ಹುಡುಗಿಯರಿಗೇ ಶಿಬಿರ ನಡೆಸಿದರು. 6ರಿಂದ 12 ವರ್ಷದ 228 ಹುಡುಗಿಯರು. 140 ಮಂದಿಗೆ ಈ ತೊಂದರೆ ಇತ್ತು, 88 ಮಂದಿಗೆ ಇರಲಿಲ್ಲ. ಬಿಳಿಯರಷ್ಟೇ ಅಲ್ಲದೆ ಕಪ್ಪು, ಲ್ಯಾಟಿನೋ, ಏಷ್ಯಾ ಮೂಲದ ಮನೆಗಳ ಮಕ್ಕಳೂ ಇದ್ದರು. ತೊಂದರೆ ಇದ್ದ ಹುಡುಗಿಯರನ್ನ ಉಳಿದವರು ದೂರ ಇಟ್ಟದ್ದು ಶಿಬಿರದಲ್ಲೇ ಕಂಡಿತು. ಆ ಮಕ್ಕಳನ್ನ ಬಿಟ್ಟುಬಿಡದೆ ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದರು. ಹತ್ತು ವರ್ಷದ ನಂತರದ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಓದುವಾಗ ಕೈ ತಣ್ಣಗಾಗುತ್ತೆ. ಗಮನದ ಕೊರತೆಯ ಜೊತೆಗೆ ಚಡಪಡಿಕೆಯೂ ಇದ್ದ ಹುಡುಗಿಯರಲ್ಲಿ ಶೇಕಡಾ 22 ಮಂದಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದರು. ಬರೀ ಗಮನದ ಕೊರತೆ ಇದ್ದವರಲ್ಲಿ ಶೇಕಡಾ 8, ತೊಂದರೆ ಇಲ್ಲದವರಲ್ಲಿ ಶೇಕಡಾ 6. ಕೈ ಕುಯ್ದುಕೊಳ್ಳೋದು, ಸುಟ್ಟುಕೊಳ್ಳೋದು, ಹೀಗೆ ತಮ್ಮ ಮೈಗೆ ತಾವೇ ನೋವು ಮಾಡಿಕೊಂಡವರು ಕ್ರಮವಾಗಿ ಶೇಕಡಾ 51, 29, 19. ಅಷ್ಟು ಹೊತ್ತಿಗೆ ಎಷ್ಟೋ ಹುಡುಗಿಯರ ಓಡಾಟ, ಚಡಪಡಿಕೆ ಇಳಿದಿತ್ತು. ಕಣ್ಣಿಗೆ ಕಾಣೋ ಲಕ್ಷಣ ಹೋಗಿ ನೋವು ಉಳಿದಿತ್ತು. ಬಾಲ್ಯದಲ್ಲಿ ಹೊಡೆತ ತಿಂದ, ದೌರ್ಜನ್ಯಕ್ಕೆ ಸಿಕ್ಕ ಹುಡುಗಿಯರಲ್ಲಿ ಈ ಅಪಾಯ ಇನ್ನೂ ಹೆಚ್ಚು ಅಂತ ಅದೇ ತಂಡ ಮುಂದೆ ತೋರಿಸಿತು. ಹೊಡೆದರೆ ಸರಿಹೋಗ್ತಾಳೆ ಅನ್ನೋ ನಮ್ಮ ಮನೆ ಮನೆಯ ಪಂಡಿತರು ಈ ಸಾಲನ್ನ ಎರಡು ಸಲ ಓದಲಿ.

ಒಂದು ಮಾತು ಮರೆಯಬಾರದು. ಆ 140 ಹುಡುಗಿಯರು ಪತ್ತೆಯಾದವರು. ಯಾರೋ ಗುರುತಿಸಿದ್ದರು, ಹೆಸರು ಹೇಳಿದ್ದರು, ಮನೆಯವರಿಗೆ ಗೊತ್ತಿತ್ತು. ಹಾಗಿದ್ದೂ ಇಷ್ಟು. ಪತ್ತೆಯೇ ಆಗದವರನ್ನ ಹೀಗೆ ಶಿಬಿರಕ್ಕೆ ಕರೆದು ಎಣಿಸೋದು ಸಾಧ್ಯವಿಲ್ಲ. ಅವರ ಸುದ್ದಿ ನಮಗೆ ತಲಪೋದು ಮೂವತ್ತು, ನಲವತ್ತು ವರ್ಷ ದಾಟಿದ ಮೇಲೆ ಅವರೇ ಬಾಯಿ ಬಿಟ್ಟಾಗ. ಅಮೆರಿಕದಲ್ಲಿ ಸಾರಿ ಸೋಲ್ಡೆನ್ 1995ರಲ್ಲಿ ಇಂಥ ಹೆಂಗಸರ ಬಗ್ಗೆಯೇ ಪುಸ್ತಕ ಬರೆದರು. 1999ರಲ್ಲಿ ನಾದೋ, ಲಿಟ್ಮನ್, ಕ್ವಿನ್ ಎಂಬ ಮೂವರು ಹುಡುಗಿಯರ ಬಗ್ಗೆ ಬರೆದರು. ಎಷ್ಟೋ ತಾಯಂದಿರಿಗೆ ತಮ್ಮ ವಿಷಯ ಗೊತ್ತಾಗಿದ್ದು ಮಗನನ್ನ ಡಾಕ್ಟರ ಹತ್ತಿರ ಕರಕೊಂಡು ಹೋದಾಗ. ಡಾಕ್ಟರು ಮಗನ ಬಗ್ಗೆ ಕೇಳೋ ಒಂದೊಂದು ಪ್ರಶ್ನೆಗೂ ತಾಯಿಗೆ ತನ್ನ ಬಾಲ್ಯ ಎದ್ದು ನಿಲ್ಲುತ್ತೆ. ಅಷ್ಟರಲ್ಲಿ ಅವಳು ಖಿನ್ನತೆ, ಆತಂಕ, ನಿದ್ದೆ ಬಾರದಿರೋದು ಅಂತ ಹತ್ತು ವರ್ಷ ಬೇರೆ ಬೇರೆ ಮಾತ್ರೆ ನುಂಗಿರುತ್ತಾಳೆ. ಅದೂ ಸುಳ್ಳು ಕಾಯಿಲೆಯೇನಲ್ಲ. ಮೂವತ್ತು ವರ್ಷ ತನ್ನನ್ನೇ ಬೈದುಕೊಂಡವಳಿಗೆ ಖಿನ್ನತೆ ಬರದೆ ಇನ್ನೇನು ಬರುತ್ತೆ? ಹೆಸರು ತಿಳಿದ ದಿನ ನಿರಾಳವಾಗುತ್ತೆ, ಮಾರನೇ ದಿನ ಸಿಟ್ಟು ಬರುತ್ತೆ, ಆಮೇಲೆ ದುಃಖ. ಆ ಮೂರೂ ಸರಿಯಾದದ್ದೇ. ಕೈಪಿಡಿ ಏಳು ವರ್ಷದ ಷರತ್ತನ್ನ ಹನ್ನೆರಡಕ್ಕೆ ಏರಿಸಿದ್ದು 2013ರಲ್ಲಿ. 2020ರಿಂದ 2021ಕ್ಕೆ ಅಮೆರಿಕದಲ್ಲಿ 15ರಿಂದ 44 ವರ್ಷದ ಹೆಂಗಸರಲ್ಲಿ ಈ ತೊಂದರೆಯ ಔಷಧಿ ಪಡೆದವರ ಪ್ರಮಾಣ ಶೇಕಡಾ 10ಕ್ಕಿಂತ ಹೆಚ್ಚು ಏರಿತು ಅಂತ ಅಲ್ಲಿನ ಸರ್ಕಾರಿ ಸಂಸ್ಥೆಯೇ ಹೇಳಿದೆ. ಕೆಲವರು ಇದನ್ನ ಹೊಸ ಹುಚ್ಚು, ಫ್ಯಾಷನ್ ಅಂತಾರೆ. ಹಳೇ ಬಾಕಿ ತೀರುತ್ತಿದೆ ಅನ್ನೋದು ನನ್ನ ಎಣಿಕೆ.

ಬಂಡಾಯದ ಗೆಳೆಯರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಎತ್ತಲೂ ಬೇಕು. ಎದುರು ಮಾತಾಡೋ ಮಗುವಿಗೆ ರೋಗದ ಹೆಸರಿಟ್ಟು ಮಾತ್ರೆ ನುಂಗಿಸಿ ಕೂರಿಸೋದು ವ್ಯವಸ್ಥೆಯ ಹುನ್ನಾರವಲ್ಲವೇ ಅಂತ. ಈ ಅನುಮಾನಕ್ಕೆ ಚರಿತ್ರೆಯಿದೆ. 1970ರ ಜೂನ್‌ನಲ್ಲಿ ಅಮೆರಿಕದ ಒಮಾಹಾ ನಗರದ ಶಾಲೆಗಳಲ್ಲಿ ಶೇಕಡಾ 5ರಿಂದ 10 ಮಕ್ಕಳಿಗೆ ಇಂಥ ಮಾತ್ರೆ ಕೊಡಲಾಗುತ್ತಿದೆ ಅಂತ ‘ವಾಷಿಂಗ್ಟನ್ ಪೋಸ್ಟ್’ ಬರೆಯಿತು. ಅಂಕಿ ಹೆಚ್ಚಾಯಿತು ಅನ್ನೋ ವಾದ ಆಮೇಲೆ ಬಂತು, ಆದರೆ ಸೆಪ್ಟೆಂಬರಿನಲ್ಲಿ ಸಂಸತ್ತಿನ ಸಮಿತಿ ವಿಚಾರಣೆ ನಡೆಸಬೇಕಾಯಿತು. ಟಸ್ಕಿಗೀಯಲ್ಲಿ 1932ರಿಂದ 1972ರವರೆಗೆ ಸುಮಾರು ನಾನೂರು ಕಪ್ಪು ಗಂಡಸರ ಸಿಫಿಲಿಸ್‌ಗೆ ಔಷಧಿ ಕೊಡದೆ ಸುಮ್ಮನೆ ನೋಡುತ್ತಾ ಕೂತ ಸರ್ಕಾರಿ ವೈದ್ಯರ ದೇಶ ಅದು. ಅಲ್ಲಿನ ಕಪ್ಪು ತಾಯಿ ಬಿಳಿ ಕೋಟಿನವನು ಕೊಡೋ ಮಾತ್ರೆಯನ್ನ ಯಾಕೆ ನಂಬಬೇಕು?

ಆದರೆ ಆಮೇಲೆ ಏನಾಯಿತು ನೋಡಿ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಶಿಶುವಿಹಾರದಿಂದ ಎಂಟನೇ ತರಗತಿವರೆಗೆ ಮಕ್ಕಳನ್ನ ಹಿಂಬಾಲಿಸಿತು. ನಡತೆ, ಓದು, ಮನೆಯ ಸ್ಥಿತಿಗತಿ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಬಿಳಿ ಮಕ್ಕಳಿಗೆ ಹೋಲಿಸಿದರೆ ಕಪ್ಪು ಮಕ್ಕಳಿಗೆ ಈ ರೋಗನಿರ್ಣಯ ಸಿಗುವ ಸಂಭವ ಶೇಕಡಾ 69ರಷ್ಟು ಕಡಿಮೆ ಇತ್ತು. ಬಿಳಿ ಮಗುವಿಗೆ ಡಾಕ್ಟರ್, ಕಪ್ಪು ಮಗುವಿಗೆ ಶಿಕ್ಷೆ. ಹುಡುಗಿಯರಲ್ಲಿ ಇದು ಇನ್ನೂ ನಗ್ನವಾಗಿ ಕಾಣುತ್ತೆ: 2011–12ರ ಸರ್ಕಾರಿ ಲೆಕ್ಕದಂತೆ ಶಾಲೆಯಿಂದ ಅಮಾನತ್ತಾದವರು ಕಪ್ಪು ಹುಡುಗಿಯರಲ್ಲಿ ಶೇಕಡಾ 12, ಬಿಳಿ ಹುಡುಗಿಯರಲ್ಲಿ ಶೇಕಡಾ 2. ಬಿಳಿ ಹುಡುಗಿ ಸುಮ್ಮನಿದ್ದು ಕಾಣದೆ ಹೋದಳು. ಕಪ್ಪು ಹುಡುಗಿ ಸುಮ್ಮನಿದ್ದರೆ ದಡ್ಡಿ, ಬಾಯಿ ಬಿಟ್ಟರೆ ಪುಂಡಿ. ಮಾತ್ರೆ ಬೇಡ ಅನ್ನೋ ಹಕ್ಕು ಬೇಕೇ ಬೇಕು. ಆದರೆ ನಿನ್ನ ತೊಂದರೆಗೆ ಒಂದು ಹೆಸರಿದೆ, ಅದು ನಿನ್ನ ತಪ್ಪಲ್ಲ ಅನ್ನೋ ಮಾತನ್ನ ಹಣವಿದ್ದವರ ಮಕ್ಕಳಿಗೇ ಮೀಸಲಿಟ್ಟು ಉಳಿದವರಿಗೆ ಬರೀ ಬೆತ್ತ ಬಿಟ್ಟರೆ, ಅದನ್ನ ಪ್ರತಿಭಟನೆ ಅಂತ ನಾವು ಹೊಗಳಬೇಕಾಗಿಲ್ಲ.

ನಮ್ಮ ಕೇರಿಗಳಿಂದ ಮೊದಲ ಸಲ ಶಾಲೆ ಮೆಟ್ಟಿಲು ಹತ್ತಿದ ಹುಡುಗಿಯರ ಮಾತೂ ಇದೇ. ಮೇಲುಜಾತಿಯ ಮನೆಯ ಹುಡುಗ ಪಾಠ ಮರೆತರೆ ಮೇಷ್ಟ್ರು ಯಾಕೆ ಅಂತ ಕೇಳ್ತಾರೆ, ಅಪ್ಪನಿಗೆ ಹೇಳಿ ಕಳಿಸ್ತಾರೆ. ಕೇರಿಯ ಹುಡುಗಿ ಮರೆತರೆ ಯಾಕೆ ಅನ್ನೋ ಪ್ರಶ್ನೆಯೇ ಹುಟ್ಟೋದಿಲ್ಲ. ಉತ್ತರ ಅವಳು ಹುಟ್ಟೋ ಮುಂಚೆಯೇ ತಯಾರಾಗಿರುತ್ತೆ, ‘ಇವರ ತಲೆಗೆ ಅಕ್ಷರ ಹತ್ತಲ್ಲ’. ನಮ್ಮ ಕ್ಲಾಸಿನಲ್ಲಿ ಹೀಗನ್ನಿಸಿಕೊಂಡ ಒಬ್ಬಳಿದ್ದಳು. ಹೊಳೆ ದಂಡೆಯ ಗಿಡಮರ, ಹಕ್ಕಿಯ ಹೆಸರೆಲ್ಲ ಅವಳಿಗೆ ಬಾಯಿಪಾಠ. ಏಳನೇ ತರಗತಿಯಲ್ಲಿ ಫೇಲಾದಳು, ಮದುವೆ ಮಾಡಿದರು. ಅವಳಿಗೆ ಏನಿತ್ತೋ ಇಲ್ಲವೋ, ಯಾರೂ ನೋಡಲಿಲ್ಲ ಅನ್ನೋದಷ್ಟೇ ನನ್ನ ತಕರಾರು.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರಾದ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ, ಸುತ್ತಲ ಹಳ್ಳಿ, ಮೂರೂ ಕಡೆ ಹುಟ್ಟಿದಂದಿನಿಂದ 16 ವರ್ಷದವರೆಗಿನ 2064 ಮಕ್ಕಳನ್ನ ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಶೇಕಡಾ 12.5 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚಾಗಿ ಕಂಡ ತೊಂದರೆಗಳ ಸಾಲಿನಲ್ಲಿ ಇದೂ ಇತ್ತು. ಬಡಾವಣೆಗೂ ಕೊಳೆಗೇರಿಗೂ ಹಳ್ಳಿಗೂ ಹೇಳಿಕೊಳ್ಳೋ ಅಂಥ ವ್ಯತ್ಯಾಸವಿರಲಿಲ್ಲ. ಮಕ್ಕಳ ತಲೆ ಎಲ್ಲ ಕಡೆ ಒಂದೇ, ಡಾಕ್ಟರ ಬಾಗಿಲು ಮಾತ್ರ ಒಂದೇ ದೂರದಲ್ಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನ ಪಟ್ಟಿ ಮಾಡಿದೆ. ಕಲಿಕೆಯ ನ್ಯೂನತೆ ಇದೆ, ಆಟಿಸಂ ಇದೆ, ಇದರ ಹೆಸರಿಲ್ಲ. ಆದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತೊಂದರೆಗಳ ಪಟ್ಟಿಯಲ್ಲಿ ಇದೂ ಇದೆ. ಆ ಯೋಜನೆಯಂತೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬರಬೇಕು. ಕಣ್ಣು, ಹಲ್ಲು, ಚರ್ಮ, ರಕ್ತ ಕಮ್ಮಿ ಇದೆಯಾ ಇವನ್ನೆಲ್ಲ ಬಂದವರು ತಾವೇ ನೋಡಿ ಹೇಳಬಲ್ಲರು. ಈ ಒಂದು ಸಾಲಿಗೆ ಮೇಷ್ಟ್ರನ್ನ, ಟೀಚರನ್ನ ಕೇಳದೆ ಆಗೋದಿಲ್ಲ. ನಿಮ್ಮ ಕ್ಲಾಸಲ್ಲಿ ಯಾರಾದರೂ ಇದ್ದಾರಾ ಅಂದರೆ ಅವರು ಎಬ್ಬಿಸಿ ನಿಲ್ಲಿಸೋದು ಮೊನ್ನೆ ಬೆಂಚು ಬೀಳಿಸಿದ ಹುಡುಗನನ್ನ. ನಿಲ್ಲಿಸಲಿ, ಅವನಿಗೂ ಬೇಕು. ಮೂರನೇ ಬೆಂಚಿನ ಹುಡುಗಿಯ ಬಗ್ಗೆ ಕೇಳಿದರೆ ಪಾಪ, ಅವಳದೇನೂ ತೊಂದರೆಯಿಲ್ಲ ಸಾರ್, ಸ್ವಲ್ಪ ಮಂದ ಅಂತಾರೆ.